ಮಾತ್ರೆ ಸರಿ, ಕಡಲು ತಪ್ಪು

ನಮಸ್ಕಾರ.

ಬಿಸಿಯೇರುತ್ತಿರುವ ಕಡಲನ್ನು ಕುರಿತು, ವೇಷವಿಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ತಾಳಮದ್ದಳೆಗೆಂದು ನೀವು ಬರೆದು ಕಳಿಸಿದ ಹದಿನೆಂಟು ಪದ್ಯಗಳ ಪ್ರಸಂಗ ಓದಿದೆವು. ಈಗಿರುವಂತೆ ಅಚ್ಚಿಗೆ ಕೊಡಲಾಗದು. ಛಂದಸ್ಸಿನಲ್ಲಿ ಪಳಗಿದ ಕೈ ಎಂಬುದು ಕಾಣುತ್ತದೆ, ಅದಕ್ಕೇ ಕಾರಣ ಬಿಡಿಸಿ ಬರೆಯುತ್ತಿದ್ದೇವೆ.

ಮೂರನೆಯ ಭಾಮಿನಿ ಷಟ್ಪದಿ ‘ಕಡಲು ಆಮ್ಲದ ಹೊಂಡವಾಗಿದೆ’ ಎಂದು ಶುರುವಾಗುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು: ಹದಿನಾಲ್ಕು ಮಾತ್ರೆ ಚೊಕ್ಕವಾಗಿ ಕೂತಿವೆ. (‘ಕಡಲು ಆಮ್ಲ’ ಎಂದು ಸಂಧಿ ಮಾಡದೆ ಬಿಟ್ಟ ವಿಸಂಧಿಗೆ ಹಳಬರು ಹುಬ್ಬುಗಂಟಿಕ್ಕಿಯಾರು, ನಮಗದು ದೊಡ್ಡದಲ್ಲ.) ಕೆಟ್ಟಿರುವುದು ರಸಾಯನಶಾಸ್ತ್ರ. ಕಡಲ ಮೇಲ್ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) ಕಾರ್ಖಾನೆಗಳ ಕಾಲಕ್ಕೆ ಮುಂಚೆ ಸುಮಾರು 8.2 ಇತ್ತು, ಈಗ ಸುಮಾರು 8.1. ಏಳಕ್ಕಿಂತ ಮೇಲಿರುವ ತನಕ ನೀರು ಕ್ಷಾರೀಯವೇ. ಹಾಗೆಂದು 0.1 ಸಣ್ಣದಲ್ಲ. ಪಿಎಚ್ ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟಾಗುತ್ತದೆ, 0.1 ಇಳಿದರೆ ಕಾಲು ಭಾಗದಷ್ಟು ಏರುತ್ತದೆ. ಆ ಅಯಾನುಗಳು ನೀರಿನ ಕಾರ್ಬೊನೇಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಮರುವಾಯಿಗೆ ಚಿಪ್ಪು ಕಟ್ಟಲು, ಹವಳಕ್ಕೆ ಗೂಡು ಕಟ್ಟಲು ಬೇಕಾದದ್ದು ಅದೇ. ಹಾಗಾಗಿ ಹೊಂಡ ಬಿಡಿ, ‘ಚಿಪ್ಪು ಕಟ್ಟುವ ಸುಣ್ಣ ಸಾಲದು’ ಎನ್ನಿ. ಗಣ ಅಲುಗುವುದಿಲ್ಲ. ಆದಿಪ್ರಾಸ ಬದಲಾಗುವುದರಿಂದ ಉಳಿದ ಐದು ಸಾಲನ್ನೂ ಬಿಚ್ಚಬೇಕಾದೀತು. ಉಪ್ಪು, ತೆಪ್ಪ, ಕಪ್ಪೆಚಿಪ್ಪು, ಹೆಪ್ಪು. ಹುಡುಕಲು ಕಡಲು ಬಿಟ್ಟು ಹೋಗಬೇಕಿಲ್ಲ.

‘ಇಂಗಾಲ’ ಎಂಬ ಮಾತಿನಿಂದ ಭಾಮಿನಿಯ ಸಾಲು ಶುರುವಾಗದು: ಗುರು, ಗುರು, ಲಘು. ಅದಕ್ಕೆಂದೇ ನೀವು ಎಲ್ಲೆಡೆ ‘ಹೊಗೆ’ ಎಂದು ಮಾಡಿದಂತಿದೆ. ಹೊಗೆ ಕಣ್ಣಿಗೆ ಕಾಣುವ ವಸ್ತು, ನೀವು ಹೇಳಹೊರಟ ಇಂಗಾಲದ ಡೈಆಕ್ಸೈಡ್ ಅನಿಲ ಕಾಣುವುದಿಲ್ಲ. ಚಿಮಣಿಯ ಹೊಗೆ ನಿಂತರೆ ಸಾಕು ಎಂದು ಕೇಳುವವರು ತಿಳಿದಾರು. ಆ ಪದ್ಯವನ್ನು ವಾರ್ಧಕ ಷಟ್ಪದಿಗೆ ತಿರುಗಿಸಿ. ಐದು ಮಾತ್ರೆಯ ಗಣವನ್ನು ‘ಇಂಗಾಲ’ ಇಡಿಯಾಗಿ ತುಂಬುತ್ತದೆ.

ಏಳನೆಯ ಪದ್ಯದಲ್ಲಿ ಅಂಕಿ ತುರುಕಿದ್ದೀರಿ. ಹಾಡುವ ಭಾಗವತರು ರಾಗದಲ್ಲಿ ಎಳೆದಾಗ ‘ಮೂರು ದಶಾಂಶ ಏಳು’ ಯಾರ ತಲೆಯಲ್ಲೂ ನಿಲ್ಲದು. ಪದ್ಯದ ಅರ್ಥವನ್ನು ಮಾತಿನಲ್ಲಿ ಬೆಳೆಸುವ ಅರ್ಥಧಾರಿ ಇರುವುದೇಕೆ? ಪದ್ಯದಲ್ಲಿ ಚಿತ್ರವಿರಲಿ, ಅಂಕಿಯನ್ನು ಅರ್ಥಕ್ಕೆ ಕೊಡಿ. 2006ರಿಂದ 2018ರವರೆಗೆ ಕಡಲಮಟ್ಟ ವರ್ಷಕ್ಕೆ ಸರಾಸರಿ 3.7 ಮಿ.ಮೀ. ಏರಿದೆ, ಒಂದರ ಮೇಲೊಂದು ಎರಡು ಅಕ್ಕಿಕಾಳಿನಷ್ಟು. ನೀರು ಕಾದು ಹಿಗ್ಗಿದ್ದು ಒಂದು ಕಾರಣ, ನೆಲದ ಮೇಲಿನ ಹಿಮ ಕರಗಿದ್ದು ಇನ್ನೊಂದು. ನೀವು ಬರೆದಂತೆ ಉತ್ತರ ಧ್ರುವದಲ್ಲಿ ತೇಲುವ ಮಂಜುಗಡ್ಡೆಯಿಂದಲ್ಲ. ತುಂಬಿದ ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ಚೆಲ್ಲುತ್ತದೆಯೇ? ಈ ಲೋಟವೊಂದು ಕೈಗೆ ಸಿಕ್ಕರೆ ಒಳ್ಳೆಯ ಅರ್ಥಧಾರಿ ಹತ್ತು ನಿಮಿಷ ವಾದ ಬೆಳೆಸುತ್ತಾನೆ.

‘ಬಿಸಿಗೆ ಬೂತಾಯಿ ಓಡಿತು’ ಎಂಬುದನ್ನು ಮಲ್ಪೆಯಲ್ಲಿ ಹಾಡಿಸಬೇಡಿ. ಬೂತಾಯಿ ಹಿಂದೆಯೂ ಏರಿಳಿದ ಮೀನು. ಮಳೆಗಾಲದಲ್ಲಿ ಅಡಿಯ ತಣ್ಣೀರು ಮೇಲೆದ್ದು ಬರುವ ಪ್ರಮಾಣ, ಶಾಂತಸಾಗರ ಆಗಾಗ ಬಿಸಿಯೇರುವ ಎಲ್ ನಿನೊ, ಮರಿಮೀನಿಗೂ ಬಲೆ ಹಾಕಿದ್ದು, ಎಲ್ಲ ಸೇರುತ್ತದೆ. ಒಂದನ್ನೇ ಹೇಳಿದರೆ ಮುಂದಿನ ಸಾಲಿನಲ್ಲಿ ಕೂತ ಮೀನುಗಾರರು ಉಳಿದದ್ದನ್ನೂ ನಂಬುವುದಿಲ್ಲ.

ಪದ್ಯದಿಂದ ಪದ್ಯಕ್ಕೆ ಶ್ರುತಿ ಏರಿಸಿ ತಾಪಮಾನ ಕೇಳಿಸುವ ಸೂಚನೆಯನ್ನು ತೆಗೆದುಹಾಕಿ. 2013ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 1880ರಿಂದ 2012ರವರೆಗಿನ ಭೂಮಿಯ ತಾಪಮಾನವನ್ನು ವರ್ಷಕ್ಕೊಂದು ಸ್ವರದಂತೆ ಚೆಲ್ಲೊದಲ್ಲಿ ನುಡಿಸಿದ್ದುಂಟು. ಅರ್ಧ ಸ್ವರಕ್ಕೆ ಸುಮಾರು 0.03 ಡಿಗ್ರಿ, ಹರವು ಮೂರು ಸಪ್ತಕ. ತಂತಿವಾದ್ಯಕ್ಕೆ ಅದು ಸಾಧ್ಯ. ಭಾಗವತರ ಗಂಟಲು ಹತ್ತನೆಯ ಪದ್ಯಕ್ಕೇ ಒಡೆದೀತು, ಶ್ರುತಿಗೆ ಕೂಡಿಸಿಟ್ಟ ಮದ್ದಳೆ ಎರಡನೆಯ ಪದ್ಯಕ್ಕೇ ಅಪಸ್ವರವಾದೀತು.

ಎಂಟು ಪದ್ಯಕ್ಕೆ ಇಳಿಸಿ. ಪದ್ಯಕ್ಕೊಂದೇ ಸಂಗತಿ ಇರಲಿ, ಪ್ರತಿಯೊಂದರ ಕೆಳಗೆ ಅರ್ಥಧಾರಿಗೆ ನಾಲ್ಕೈದು ಸಾಲಿನ ಟಿಪ್ಪಣಿ ಇರಲಿ. ಗಣ ವಿಭಾಗ ಮಾಡಿದ ಪ್ರತಿಯನ್ನೂ ಜೊತೆಗಿಡಿ.