ಕಂದ ಷಷ್ಠಿ: ಸೊಸೆಯ ಆರು ದಿನದ ಉಪವಾಸ

ಪ್ರಶ್ನೆ: ನಮ್ಮ ಸೊಸೆ ತಮಿಳರ ಮನೆಯವಳು. ದೀಪಾವಳಿ ಅಮಾವಾಸ್ಯೆ ಕಳೆದ ಮರುದಿನದಿಂದ ಆರು ದಿನ ಮುರುಗನಿಗೆ ಉಪವಾಸ ಮಾಡುತ್ತಾಳೆ. ನಮ್ಮಲ್ಲಿ ಸುಬ್ರಹ್ಮಣ್ಯನಿಗೆ ಚಂಪಾ ಷಷ್ಠಿ ಒಂದೇ ದಿನ. ಆರು ದಿನ ಯಾಕೆ? ಮಕ್ಕಳಾಗಲಿ ಅಂತ ಮಾಡುವ ವ್ರತ ಅಂತಾರೆ, ನಿಜಾನಾ?

ಉತ್ತರ: ನಿಮ್ಮ ಸೊಸೆ ಮಾಡುತ್ತಿರುವುದು ಕಂದ ಷಷ್ಠಿ ವ್ರತ. ಕಂದ ಅಂದರೆ ಸ್ಕಂದ, ನಮ್ಮ ಸುಬ್ರಹ್ಮಣ್ಯ, ತಮಿಳರ ಮುರುಗ. ತಮಿಳರ ಐಪ್ಪಸಿ ತಿಂಗಳಲ್ಲಿ, ನಮ್ಮ ಬಲಿಪಾಡ್ಯಮಿಯ ದಿನವೇ ಶುರುವಾಗಿ ಷಷ್ಠಿಗೆ ಮುಗಿಯುತ್ತದೆ. ನಮ್ಮ ಚಂಪಾ ಷಷ್ಠಿ ಬರುವುದು ಅದಾದ ಮೇಲೆ, ಮಾರ್ಗಶಿರದಲ್ಲಿ.

ಮಕ್ಕಳಿಗಾಗಿ ಈ ವ್ರತ ಹಿಡಿಯುವವರು ತುಂಬಾ ಜನ ಇದ್ದಾರೆ, ಅದು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ವ್ರತದ ಅರ್ಧ ಮಾತ್ರ ನೋಡಿದ ಹಾಗೆ. ಸೊಸೆ ಏನು ಬೇಡಿಕೊಳ್ಳುತ್ತಿದ್ದಾಳೆ ಅಂತ ಅಕ್ಕಪಕ್ಕದವರು ಊಹೆ ಮಾಡುವುದು ಬೇಡ, ಅದು ಅವಳಿಗೂ ಮುರುಗನಿಗೂ ಬಿಟ್ಟ ವಿಷಯ.

ಆರು ದಿನ ಯಾಕೆ ಅಂದರೆ, ಮುರುಗ ಶೂರಪದ್ಮ ಅನ್ನುವ ಅಸುರನ ಜೊತೆ ಮಾಡಿದ ಯುದ್ಧವನ್ನು ಭಕ್ತರು ಈ ಆರು ದಿನ ನೆನೆಯುತ್ತಾರೆ. ಕಚ್ಚಿಯಪ್ಪ ಶಿವಾಚಾರ್ಯರು ತಮಿಳಿನಲ್ಲಿ ಬರೆದ ಕಂದಪುರಾಣದಲ್ಲಿ ಒಂದು ಕಡೆ ಮುರುಗ ಶೂರನಿಗೆ ತನ್ನ ವಿಶ್ವರೂಪ ತೋರಿಸುತ್ತಾನೆ. ಶೂರನ ಮನಸ್ಸು ಕರಗುತ್ತದೆ. ಕಾಲು ಅವನನ್ನು ಸುತ್ತಿ ಬರಬೇಕು, ಕೈ ಮುಗಿಯಬೇಕು, ತಲೆ ಬಾಗಬೇಕು ಅಂತ ಆಸೆ ಆಗುತ್ತದೆ, ಆದರೆ ಮಾನ ಒಂದು ಅಡ್ಡ ಬಂತು ಅಂತಾನೆ. ನನಗೆ ಇಡೀ ಪುರಾಣದಲ್ಲಿ ತುಂಬಾ ತಟ್ಟಿದ ಜಾಗ ಇದು. ಎಷ್ಟು ಸಲ ನಾವೂ ಹೀಗೇ ನಿಂತುಬಿಡುತ್ತೇವೆ ಅಲ್ವಾ? ಬಾಗಬೇಕು ಅಂತ ಗೊತ್ತಿದ್ದೂ ಬಾಗದೆ.

ಆಮೇಲೆ ಅಹಂಕಾರ ಮತ್ತೆ ಏರುತ್ತದೆ. ಕೊನೆಗೆ ಶೂರ ಸಮುದ್ರದ ನಡುವೆ ಮಾವಿನ ಮರವಾಗಿ ನಿಲ್ಲುತ್ತಾನೆ. ಮುರುಗನ ಈಟಿ, ಅಂದರೆ ವೇಲಾಯುಧ, ಆ ಮರವನ್ನು ಎರಡಾಗಿ ಸೀಳುತ್ತದೆ. ಒಂದು ಭಾಗ ನವಿಲಾಯಿತು, ಇನ್ನೊಂದು ಹುಂಜವಾಯಿತು. ನವಿಲು ಮುರುಗನ ವಾಹನ, ಹುಂಜ ಅವನ ಬಾವುಟದಲ್ಲಿ. ಅಂದರೆ ಶತ್ರುವನ್ನು ಅಳಿಸಿ ಹಾಕಲಿಲ್ಲ, ತನ್ನ ಜೊತೆಯಲ್ಲೇ ಇಟ್ಟುಕೊಂಡ! ಶೈವ ಸಿದ್ಧಾಂತದವರು ಶೂರನನ್ನು ಆಣವ ಮಲ, ಅಂದರೆ 'ನಾನು' ಅನ್ನುವುದು ಅಂತಾರೆ. ಅವನ ತಮ್ಮಂದಿರಾದ ಸಿಂಗಮುಖನನ್ನು ಕರ್ಮ, ತಾರಕನನ್ನು ಮಾಯೆ ಅಂತಾರೆ. ಆಣವ ಪೂರ್ತಿ ನಾಶವಾಗುವುದಿಲ್ಲ, ಅದರ ಬಲ ಅಡಗುತ್ತದೆ ಅನ್ನುವುದು ಅವರ ಮಾತು. ಹಾಗಾಗಿ ಉಪವಾಸ ಅಂದರೆ ಸುಮ್ನೆ ಹೊಟ್ಟೆಗೆ ಶಿಕ್ಷೆ ಕೊಡುವುದಲ್ಲ, ಒಳಗಿನ ಆ ಬಿಗಿಯನ್ನು ಸಡಿಲ ಮಾಡುವುದು.

ತಮಿಳುನಾಡಿನಲ್ಲಿ ಮುರುಗನ ದೇವಸ್ಥಾನ ಇರುವ ತಿರುಚೆಂದೂರಿನಲ್ಲಿ ಷಷ್ಠಿಯ ಸಂಜೆ ಸಮುದ್ರ ದಂಡೆಯಲ್ಲಿ ಇದನ್ನೇ ಕಣ್ಣೆದುರು ನಡೆಸುತ್ತಾರೆ. ಅಸುರನ ಗೊಂಬೆಗೆ ಒಂದಾದ ಮೇಲೆ ಒಂದು ತಲೆ ಬದಲಾಯಿಸುತ್ತಾರೆ, ಮೊದಲು ಆನೆ, ಆಮೇಲೆ ಸಿಂಹ, ಆಮೇಲೆ ಶೂರನದೇ ಮುಖ. ಪ್ರತಿ ಸಲ ವೇಲ್ ಬಂದು ತಾಗಿದಾಗ ಜನ 'ಅರೋಹರಾ' ಅಂತ ಕೂಗುತ್ತಾರೆ. ಎಲ್ಲ ಮುಗಿದ ಮೇಲೆ ದೇವರ ಮುಂದೆ ಕನ್ನಡಿ ಹಿಡಿದು ಅದರಲ್ಲಿ ಕಾಣುವ ಬಿಂಬಕ್ಕೆ ಅಭಿಷೇಕ ಮಾಡುತ್ತಾರೆ. ಛಾಯಾಭಿಷೇಕ ಅಂತ ಅದರ ಹೆಸರು. ಅಷ್ಟು ಹೊತ್ತಿನ ಯುದ್ಧದ ನಂತರ ಆ ತಂಪು ನನಗೆ ತುಂಬಾ ಸರಿ ಅನ್ನಿಸುತ್ತದೆ.

ಪ್ರಶ್ನೆ: ನನಗೆ ಶುಗರ್ ಇದೆ. ಆರು ದಿನ ಆಗುವುದಿಲ್ಲ. ಬಿಟ್ಟರೆ ದೋಷವೇ?

ಉತ್ತರ: ಖಂಡಿತ ಇಲ್ಲ. ಎಲ್ಲರೂ ಒಂದೇ ರೀತಿ ಮಾಡುವುದೂ ಇಲ್ಲ. ಕೆಲವರು ಹಾಲು ಹಣ್ಣಿನಲ್ಲಿ ಇರುತ್ತಾರೆ, ಕೆಲವರು ಒಪ್ಪೊತ್ತು ಊಟ, ಕೆಲವರು ಎಳನೀರು, ಒಂದಷ್ಟು ಜನ ಬರೀ ಕಾಳು ಮೆಣಸು ತಿಂದು ಇರುತ್ತಾರೆ. ಆರು ದಿನ ಆಗದವರು ಷಷ್ಠಿ ಒಂದು ದಿನ ಮಾಡುತ್ತಾರೆ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಆ ಒಂದು ದಿನಕ್ಕೂ ಡಾಕ್ಟರನ್ನು ಕೇಳಲೇಬೇಕು. ಈ ದಿನಗಳಲ್ಲಿ ಮನೆಮನೆಯಲ್ಲಿ ಹೇಳುವ, ದೇವರಾಯ ಸ್ವಾಮಿಗಳ ಕಂದ ಷಷ್ಠಿ ಕವಚವನ್ನೇ ನೋಡಿ. ತಲೆಯಿಂದ ಪಾದದವರೆಗೆ ಒಂದೊಂದೇ ಅಂಗ ಹೆಸರಿಸಿ 'ವೇಲ್ ಕಾಪಾಡಲಿ' ಅಂತ ಬೇಡುತ್ತದೆ. ಕಾಪಾಡು ಅಂತ ಕೇಳಿಕೊಂಡ ದೇಹವನ್ನೇ ಕೆಡಿಸಿಕೊಂಡರೆ ಹೇಗೆ? ಊಟ ಮಾಡಿ, ಕವಚ ಹೇಳಿ, ಆರು ದಿನ ಕೋಪದ ಮಾತು ಬಿಡಿ. ನನ್ನ ಪ್ರಕಾರ ಅದೂ ವ್ರತವೇ.

ಪ್ರಶ್ನೆ: ಉಪವಾಸ ಬಿಡುವುದು ಯಾವಾಗ?

ಉತ್ತರ: ಕೆಲವರು ಷಷ್ಠಿಯ ಸಂಜೆ ಸಂಹಾರ ಮುಗಿದು ಸ್ನಾನ ಮಾಡಿ ಊಟ ಮಾಡುತ್ತಾರೆ. ಇನ್ನು ಕೆಲವರು ಏಳನೇ ದಿನ ಮುರುಗ ಮತ್ತು ದೇವಯಾನೆಯ ತಿರುಕಲ್ಯಾಣ, ಅಂದರೆ ಮದುವೆ, ಆದ ಮೇಲೆ. ಅವರವರ ತವರಿನ ಪದ್ಧತಿ ಹೇಗಿದೆಯೋ ಹಾಗೆ.