ಗಡಿಯಾಚೆಯ ಪೆಟ್ರೋಲ್ ಬಿಲ್ಲು

ಮೊನ್ನೆ ಬೆಂಗಳೂರಿನಿಂದ ಕಾರವಾರಕ್ಕೆ ಬಂದು ಹೋದ ಮೇಲೆ ನೀನು ಫೋನಿನಲ್ಲಿ ಕೇಳಿದೆಯಲ್ಲ, "ಏನೋ, ನಿಮ್ಮ ಕಡೆ ಒಂದು ಶೆಲ್ ಬಂಕೂ ಕಣ್ಣಿಗೆ ಬೀಳ್ಲಿಲ್ಲ. ಪೆಟ್ರೋಲ್ ಹಾಕ್ಸೋಕೂ ಗೋವಾಕ್ಕೆ ಹೋಗ್ತೀರಂತೆ. ನೀವು ಕರ್ನಾಟಕದವರು ಹೌದೋ ಅಲ್ವೋ?" ಆಗ ನಕ್ಕು ಸುಮ್ಮನಾದೆ. ಆಮೇಲೆ ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ.

ಮೊದಲು ಶೆಲ್ ವಿಷಯ. ಅದು ಹೊಸದಾಗಿ ಬಂದ ಕಂಪನಿ ಅಂತ ನೀನು ತಿಳಿದಿದ್ದೀಯ. ಹೊಸದಲ್ಲ, ವಾಪಸ್ ಬಂದದ್ದು. ನಮ್ಮ ಅಜ್ಜಿ ಮನೆಯ ಹಿತ್ತಲಲ್ಲಿ ಸೀಮೆಎಣ್ಣೆಯ ಹಳೇ ಚೌಕದ ಡಬ್ಬಿ ಇತ್ತು. ಬಾಯಿ ಕತ್ತರಿಸಿ, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಅಬ್ಬಲಿಗೆ ಗಿಡ ನೆಟ್ಟಿದ್ದರು. ಒಂದು ಮಗ್ಗುಲು ಪೂರ್ತಿ ತುಕ್ಕು. ಇನ್ನೊಂದು ಮಗ್ಗುಲಲ್ಲಿ ಶೆಲ್ ಗುರುತಿನ ಚಿಪ್ಪಿನ ಚಿತ್ರ ಅರ್ಧ ಉಳಿದಿತ್ತು. ಅಜ್ಜಿ ಅದಕ್ಕೆ 'ಬರ್ಮಾಶೆಲ್' ಅಂತಲೇ ಹೇಳುತ್ತಿದ್ದರು, ಡಬ್ಬಿ ಅನ್ನುತ್ತಲೇ ಇರಲಿಲ್ಲ. 1976ರಲ್ಲಿ ಸರ್ಕಾರ ಬರ್ಮಾ ಶೆಲ್ ವಹಿಸಿಕೊಂಡಿತು. ಮುಂದೆ ಅದೇ ಭಾರತ್ ಪೆಟ್ರೋಲಿಯಂ ಆಯಿತು. ಅದಕ್ಕೆ ಎರಡು ವರ್ಷ ಮೊದಲು ಎಸ್ಸೋ ಅನ್ನುವ ವಿದೇಶಿ ತೈಲ ಕಂಪನಿ ಹೋಗಿ ಹಿಂದುಸ್ತಾನ್ ಪೆಟ್ರೋಲಿಯಂ ಬಂದಿತ್ತು. ಕ್ಯಾಲ್ಟೆಕ್ಸ್ ಕೂಡ ಕೊನೆಗೆ ಅದರೊಳಗೇ ಸೇರಿತು. ಶೆಲ್ ಮತ್ತೆ ಬಂಕ್ ತೆರೆದದ್ದು 2004ರಲ್ಲಿ, ನಿಮ್ಮ ಬೆಂಗಳೂರಿನಲ್ಲಿ.

ರಿಲಯನ್ಸ್ ಕಥೆಯೂ ಹೀಗೆಯೇ. 2008ರ ಹೊತ್ತಿಗೆ ಕಚ್ಚಾ ತೈಲದ ಬೆಲೆ ಏರಿತು. ಸರ್ಕಾರಿ ಕಂಪನಿಗಳು ಕಡಿಮೆ ದರಕ್ಕೆ ಮಾರಿದರೂ ನಷ್ಟ ತುಂಬಿಕೊಡುವವರಿದ್ದರು. ಖಾಸಗಿಯವರಿಗೆ ಯಾರೂ ಇರಲಿಲ್ಲ, ಬಂಕ್ ಮುಚ್ಚಿದರು. 2014ರಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತ ಹೋದ ಮೇಲೆ ಒಂದೊಂದಾಗಿ ಬಾಗಿಲು ತೆರೆದವು. ಎಸ್ಸಾರ್ ಇದ್ದದ್ದು ನಯಾರಾ ಆಯಿತು. ಐಬಿಪಿ ಅನ್ನುವ ಇನ್ನೊಂದು ತೈಲ ಕಂಪನಿ 2007ರಲ್ಲಿ ಇಂಡಿಯನ್ ಆಯಿಲ್‌ಗೆ ಸೇರಿತು. ಬೋರ್ಡು ಬದಲಾಗುವುದು ನಮಗೇನೂ ಹೊಸದಲ್ಲ.

ನಮ್ಮ ನಿಜವಾದ ತಲೆನೋವು ಬೇರೆ. ಬೋರ್ಡು ಒಂದೇ, ಬಣ್ಣ ಒಂದೇ, ಕಂಪನಿ ಒಂದೇ, ದರ ಮಾತ್ರ ಎರಡು. ಪೆಟ್ರೋಲ್ ಜಿಎಸ್‌ಟಿಗೆ ಬಂದಿಲ್ಲ, ಪ್ರತಿ ರಾಜ್ಯದ ತೆರಿಗೆ ಅದರದ್ದೇ. 2012ರಲ್ಲಿ ಗೋವಾ ಸರ್ಕಾರ ಪೆಟ್ರೋಲ್ ಮೇಲಿನ ವ್ಯಾಟ್, ಅಂದರೆ ರಾಜ್ಯದ ಮಾರಾಟ ತೆರಿಗೆ, ಹೆಚ್ಚುಕಡಿಮೆ ತೆಗೆದೇ ಹಾಕಿತು. ಲೀಟರಿಗೆ 11 ರೂಪಾಯಿ ಇಳಿಯಿತು. ಆಮೇಲೆ ಅಲ್ಲಿಯೂ ತೆರಿಗೆ ಏರಿತು, ಆದರೆ ನಮ್ಮಷ್ಟಲ್ಲ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಪೆಟ್ರೋಲಿಗೂ ಡೀಸೆಲ್‌ಗೂ ಮೂರು ರೂಪಾಯಿಯಷ್ಟು ಏರಿಸಿದಾಗ ಅಂತರ ಇನ್ನೂ ಜಾಸ್ತಿ ಆಯಿತು. ನಮ್ಮ ಕಡೆಯ ಬಂಕಿನವರ ಸಂಕಟ ನೋಡಬೇಕು ನೀನು. ಗೋವಾದಿಂದ ಬರುವವರು ಅಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ. ಗೋವಾಕ್ಕೆ ಹೋಗುವವರು ಗಡಿ ಮುಟ್ಟುವಷ್ಟು, ಇನ್ನೂರು ರೂಪಾಯಿಗೆ ಹಾಕಿಸಿ ಹೊರಡುತ್ತಾರೆ.

ನನ್ನ ಮನೆ ಮಾಜಾಳಿಯಲ್ಲಿ. ಕಾರವಾರ ಪೇಟೆಗೆ ಹೋಗಲು ಕಾಳಿ ಸೇತುವೆ ದಾಟಬೇಕು. ಗಡಿ ದಾಟಿದೊಡನೆ ಸಿಗುವ ಗೋವಾದ ಪೋಳೆಂ ಕಡೆ ತಿರುಗಿದರೆ ಅದೂ ಬೇಡ. ಅಲ್ಲಿ ಬಂಕಿನ ಹುಡುಗ ಮಾತಾಡುವುದೂ ನಮ್ಮ ಮನೆಯ ಕೊಂಕಣಿಯೇ. ನಿನಗೆ ಗೋವಾ ಅಂದರೆ ಟೂರು, ನಮಗೆ ಪಕ್ಕದ ಕೇರಿ. ಅತ್ತಿಗೆಯ ತವರು ಅಲ್ಲೇ ಇದೆ.

ನಾನು ಔಷಧಿ ಕಂಪನಿಯ ರೆಪ್ ಅನ್ನುವುದು ನಿನಗೆ ಗೊತ್ತೇ ಇದೆ. ಅಂಕೋಲಾ, ಕುಮಟಾ, ಘಟ್ಟ ಹತ್ತಿ ಶಿರಸಿ, ಎಲ್ಲಾ ಬೈಕಿನಲ್ಲೇ. ತಿಂಗಳ ಕೊನೆಗೆ ಪೆಟ್ರೋಲ್ ಬಿಲ್ಲು ಕೊಡಬೇಕು. ಬಿಲ್ಲಿನ ಮೇಲೆ ನಮ್ಮ ಪಿನ್‌ಕೋಡ್ 581ರಿಂದ ಶುರುವಾಗುತ್ತದೆ, ಗೋವಾದ್ದು 403ರಿಂದ. ಆ 403 ಕಂಡರೆ ಸಾಕು, ಆಫೀಸಿನಿಂದ ಮೇಲ್ ಬರುತ್ತದೆ. "ಅನುಮತಿ ಇಲ್ಲದೆ ರಾಜ್ಯದ ಹೊರಗೆ ಹೋಗಿದ್ದು ಯಾಕೆ?" ಮನೆಯಿಂದ ಗಡಿ ಕೂಗಳತೆಯ ದೂರ, ಲೀಟರಿಗೆ ಐದು ರೂಪಾಯಿಗೂ ಜಾಸ್ತಿ ಉಳಿತಾಯ, ಅದೂ ಕಂಪನಿಯದೇ ದುಡ್ಡು ಅಂತ ಎಷ್ಟು ಸಲ ಬರೆದೆನೋ. ಒಮ್ಮೆ ನಕ್ಷೆಯನ್ನೇ ಕಳಿಸಿದೆ.

2024ರ ಆಗಸ್ಟ್ 7ರ ನಡುರಾತ್ರಿ ಹಳೇ ಕಾಳಿ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತಲ್ಲ, ಆ ವಾರ ಪೇಟೆ ಕಡೆ ಹೋಗಲು ಅಮ್ಮ ಬಿಡಲೇ ಇಲ್ಲ. ಹೊಸ ಸೇತುವೆ ಒಂದರಲ್ಲೇ ಎರಡೂ ಕಡೆಯ ವಾಹನ ಓಡುತ್ತಿದ್ದವು. ಪೆಟ್ರೋಲ್ ಪೂರ್ತಿ ಪೋಳೆಂ ಕಡೆಯದ್ದು. ಆಫೀಸಿನವರು ಅಷ್ಟೂ ಬಿಲ್ಲಿನ ದುಡ್ಡು ಕೊಡಲೇ ಇಲ್ಲ. ಸಾವಿರದ ಮುನ್ನೂರು ರೂಪಾಯಿ. ದುಡ್ಡಿಗಿಂತ, "ನೀವು ಗೋವಾದವರು ಬಿಡಿ" ಅಂತ ಫೋನಿನಲ್ಲಿ ಹೇಳಿದ್ದು ಜಾಸ್ತಿ ಚುಚ್ಚಿತು.

ಗೋವಾಕ್ಕೆ ಹೋದರೆ ಬೈಕಿನ ಕಾರವಾರದ ನಂಬರು ಕೆಎ 30 ನೋಡಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕುತ್ತಾರೆ. ಅಲ್ಲಿ ನಾವು ಕರ್ನಾಟಕದವರು. ಬೆಂಗಳೂರಿನಲ್ಲಿ ಗೋವಾದವರು. ನಾನು ಕನ್ನಡ ಶಾಲೆಯಲ್ಲಿ ಕಲಿತವನು. ಮನೆಯಲ್ಲಿ ಕೊಂಕಣಿ, ಡಾಕ್ಟರ ಹತ್ತಿರ ಕನ್ನಡ, ಎರಡೂ ನನ್ನವೇ.

ಈಗ ಆಫೀಸಿನ ಪೆಟ್ರೋಲ್ ಸೇತುವೆ ದಾಟಿ ಪೇಟೆಯಲ್ಲೇ ಹಾಕಿಸುತ್ತೇನೆ, ದುಬಾರಿಯಾದರೂ. ಮನೆಯ ಸ್ಕೂಟರಿಗೆ ಮಾತ್ರ ಭಾನುವಾರ ಪೋಳೆಂ. ಮುಂದಿನ ಸಲ ನೀನು ಬಂದಾಗ ಅದರಲ್ಲೇ ಕರೆದುಕೊಂಡು ಹೋಗುತ್ತೇನೆ. ಬರುವಾಗ ಅತ್ತಿಗೆಯ ತವರಲ್ಲಿ ಊಟ.