ಫಿಫ್ತ್ ವೀಲ್ ಟ್ರೇಲರ್‌ನಲ್ಲಿ ವರ್ಷಪೂರ್ತಿ ಸಂಸಾರ: ಎಷ್ಟು ದಿನ ತಾಳುತ್ತದೆ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರದ್ದೂ ಮನೆಯಿಂದಲೇ ಕೆಲಸ. ನಾಲ್ಕು ವರ್ಷದ ಮಗಳಿದ್ದಾಳೆ. ಬಾಡಿಗೆ ಮನೆ ಬಿಟ್ಟು ಒಂದು ಟ್ರೇಲರ್ ಕೊಂಡು, ಊರೂರು ಸುತ್ತುತ್ತಾ ಅದರಲ್ಲೇ ಇರೋಣ ಅಂತ ಆಸೆ. 2021ರಲ್ಲಿ ತಯಾರಾದ 38 ಅಡಿಯ ಒಂದು ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ ನೋಡಿದ್ದೇವೆ. ಒಳಗೆ ಹೊಸ ಮನೆಯ ಹಾಗೇ ಇದೆ. ಐದಾರು ವರ್ಷ ವರ್ಷಪೂರ್ತಿ ಇರುವಷ್ಟು ಗಟ್ಟಿ ಇರುತ್ತದಾ? ಚಳಿಗಾಲದಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬಂದು ಮೂರು ತಿಂಗಳು ಇರುತ್ತಾರೆ. ಅವರಿಗೆ ಸರಿಹೋಗುತ್ತದಾ?

ಉತ್ತರ: ಇರಬಹುದು. ಒಂದೇ ಫಿಫ್ತ್ ವೀಲ್‌ನಲ್ಲಿ ಹತ್ತು ವರ್ಷ ಸಂಸಾರ ಮಾಡಿದವರನ್ನು ನಾನು ಬಲ್ಲೆ. ಮೂರನೇ ವರ್ಷಕ್ಕೇ ಗೋಡೆ ಕೊಳೆತ ಗಾಡಿಗಳನ್ನೂ ಪರೀಕ್ಷೆ ಮಾಡಿದ್ದೇನೆ. ಎಷ್ಟೋ ಸಲ ಎರಡೂ ಹೆಚ್ಚುಕಡಿಮೆ ಒಂದೇ ಬೆಲೆಯ, ಒಂದೇ ಬಗೆಯ ಗಾಡಿಗಳು. ಮೊದಲನೆಯವರು ಏಣಿ ಹಾಕಿ ಛಾವಣಿ ಹತ್ತುತ್ತಿದ್ದರು. ಎರಡನೆಯವರು ಹತ್ತಲಿಲ್ಲ.

ಈ ಗಾಡಿಯನ್ನು ನೋಡಿರದ ಓದುಗರಿಗಾಗಿ ಎರಡು ಮಾತು. ನಮ್ಮ ಹೆದ್ದಾರಿಗಳಲ್ಲಿ ಉದ್ದನೆಯ ಕಂಟೇನರ್ ಲಾರಿ ನೋಡಿರುತ್ತೀರಿ. ಅದರಲ್ಲಿ ಮುಂದಿನ ಎಂಜಿನ್ ಭಾಗದ ಮೇಲೆ ಹಿಂದಿನ ಟ್ರೇಲರ್ ಬಂದು ಕೂರುತ್ತದೆ. ಫಿಫ್ತ್ ವೀಲ್‌ನದೂ ಅದೇ ಏರ್ಪಾಟು. ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ, ಹಿಂಗಾಲಿಗಳ ಮೇಲೆ, ಹಿಚ್ ಅನ್ನುವ ಒಂದು ಕೊಂಡಿ ಇರುತ್ತದೆ. ಟ್ರೇಲರ್‌ನ ಕಿಂಗ್‌ಪಿನ್ ಅನ್ನುವ ದಪ್ಪ ಗೂಟ ಅದರೊಳಗೆ ಕೂರುತ್ತದೆ. ಹಿಚ್ ಮೇಲೆ ಚಾಚಿಕೊಂಡ ಎತ್ತರದ ಭಾಗದಲ್ಲಿ ಸಾಮಾನ್ಯವಾಗಿ ಮಲಗುವ ಕೋಣೆ. ನಿಲ್ಲಿಸಿದ ಮೇಲೆ ಪಕ್ಕದ ಗೋಡೆಗಳೇ ಹೊರಗೆ ಸರಿದು ಹಾಲ್ ಅಗಲವಾಗುತ್ತದೆ. ಹೀಗೆ ಸರಿಯುವ ಭಾಗಕ್ಕೆ ಸ್ಲೈಡ್ ಅಂತಾರೆ.

ಅಮೆರಿಕದಲ್ಲಿ ಇಂಥ ಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಮೇಲೆ ತೆಳು ಪ್ಲೈವುಡ್, ಅದರ ಮೇಲೆ ಫೈಬರ್ ಗ್ಲಾಸ್ ಹಾಳೆ, ನಡುವೆ ಫೋಮ್. ಎಲ್ಲವನ್ನೂ ಅಂಟಿನಿಂದ ಕೂಡಿಸಿರುತ್ತಾರೆ. ಟ್ರಕ್ ಎಳೆಯಬೇಕಲ್ವಾ, ಹಾಗಾಗಿ ತೂಕ ಕಮ್ಮಿ ಇರಲೇಬೇಕು. ಒಣಗಿರುವವರೆಗೂ ಈ ಗೋಡೆ ಗಟ್ಟಿ. ಒಳಗೆ ನೀರು ಹೊಕ್ಕಿತೋ, ಅಂಟು ಬಿಡುತ್ತದೆ, ಪ್ಲೈವುಡ್ ನೆನೆದ ರಟ್ಟಿನ ಹಾಗಾಗುತ್ತದೆ.

ಹೋದ ವರ್ಷ ನಾನು ನೋಡಿದ ಒಂದು ಗಾಡಿಯ ವಿಷಯ ಹೇಳುತ್ತೇನೆ. ಮಾಲೀಕರು ಅದನ್ನು ಕನ್ನಡಿಯ ಹಾಗೆ ಇಟ್ಟಿದ್ದರು. ಒಳಗೆ ಒಂದು ಕಲೆ ಇಲ್ಲ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೊರಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಮುಂಭಾಗದ ಮೂಲೆಯಲ್ಲಿ ಒಂದು ಕಡೆ ದೋಸೆ ಉಬ್ಬಿದ ಹಾಗೆ ಉಬ್ಬಿತ್ತು. ಹೆಬ್ಬೆರಳಲ್ಲಿ ಒತ್ತಿದೆ, ಒಳಗೆ ಹೋಯಿತು, ಬಿಟ್ಟೆ, ಮೆಲ್ಲಗೆ ಮೇಲೆ ಬಂತು. ಛಾವಣಿ ಹತ್ತಿ ನೋಡಿದರೆ, ಮೂಲೆಯ ಪಟ್ಟಿಗೆ ನೀರಿಳಿಯದಂತೆ ಹಚ್ಚಿದ ಸೀಲೆಂಟ್‌ನಲ್ಲಿ ಒಂದು ಕೂದಲೆಳೆಯಷ್ಟು ಬಿರುಕು. ಅಷ್ಟೇ. ಎರಡು ಮಳೆಗಾಲದ ನೀರು ಆ ಬಿರುಕಿನಿಂದಲೇ ಇಳಿದಿತ್ತು. ಒಂದು ಟ್ಯೂಬ್ ಸೀಲೆಂಟ್‌ನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಗೋಡೆ ಬಿಚ್ಚಬೇಕಾಯಿತು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಾರಲ್ವಾ, ಇಲ್ಲಿಯೂ ಅದೇ ಶಿಸ್ತು ಬೇಕು. ಮೂರು ತಿಂಗಳಿಗೊಮ್ಮೆ ಛಾವಣಿ ಹತ್ತಿ. ಮೇಲೆ ರಬ್ಬರ್ ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಹಾಳೆ ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. ಕೈಕೊಡುವುದು ಅದರಲ್ಲಿ ತೂತು ಕೊರೆದು ಏನಾದರೂ ಕೂರಿಸಿದ ಜಾಗ. ಎಸಿ, ಫ್ಯಾನ್, ಕಿಟಕಿ, ಆಂಟೆನಾ, ಟ್ಯಾಂಕಿನ ಗಾಳಿ ಕೊಳವೆ, ಹೀಗೆ. ಪ್ರತಿಯೊಂದರ ಸುತ್ತ ಹಾಕಿದ ಸೀಲೆಂಟನ್ನು ಬೆರಳಲ್ಲಿ ಮುಟ್ಟಿ ನೋಡಿ. ಬಿರಿದಿದ್ದರೆ, ಅಂಚು ಎದ್ದಿದ್ದರೆ, ಅವತ್ತೇ ಹಚ್ಚಿ. ಟೆಕ್ಸಸ್, ಅರಿಜೋನಾ ಕಡೆಯ ಬಿಸಿಲಿಗೆ ಅದು ಬೇಗ ಒಣಗಿ ಬಿರಿಯುತ್ತದೆ. ಕೆಲಸ ಅರ್ಧ ದಿನದ್ದು. ಇದನ್ನು ನೀವು ಮಾಡುತ್ತೀರಿ ಅಥವಾ ದುಡ್ಡು ಕೊಟ್ಟು ಮಾಡಿಸುತ್ತೀರಿ ಅಂತಾದರೆ ಮಾತ್ರ ಮುಂದಿನ ಮಾತು.

ಈಗ ನೀವು ನೋಡಿದ ಗಾಡಿಗೆ ಬರೋಣ. 2021 ಅಂದಿರಿ. ಕೊರೋನಾ ಸಮಯದಲ್ಲಿ ಜನ ಹೋಟೆಲ್, ವಿಮಾನ ಬಿಟ್ಟು ಇವುಗಳಿಗೆ ಮುಗಿಬಿದ್ದರು. ಅಮೆರಿಕದ ಕಾರ್ಖಾನೆಗಳಿಂದ ಆ ಒಂದೇ ವರ್ಷ 6 ಲಕ್ಷ ಆರ್‌ವಿಗಳು (ಇಂಥ ಮನೆಗಾಡಿಗಳಿಗೆಲ್ಲಾ ಅಲ್ಲಿ ಆರ್‌ವಿ ಅಂತಾರೆ) ಹೊರಬಂದವು, ಅದು ದಾಖಲೆ. ಅವಸರದ ಕೆಲಸ ಹೇಗಿರುತ್ತದೆ ಅಂತ ಮನೆ ಕಟ್ಟಿಸಿದವರಿಗೆ ಗೊತ್ತು. ಆ ವರ್ಷದ್ದೆಲ್ಲಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಚೆನ್ನಾಗಿರುವವೂ ಬೇಕಾದಷ್ಟಿವೆ. ಆದರೆ ಆ ವರ್ಷದ ಗಾಡಿಯನ್ನು ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ. ರಾಷ್ಟ್ರೀಯ ಆರ್‌ವಿ ಇನ್‌ಸ್ಪೆಕ್ಟರುಗಳ ಸಂಘದ ಪ್ರಮಾಣಪತ್ರ ಇರುವವರು ಹೆಚ್ಚಿನ ಕಡೆ ಸಿಗುತ್ತಾರೆ. ಮಾರುವವರು ಕರೆತಂದವರು ಬೇಡ, ನೀವೇ ಗೊತ್ತು ಮಾಡಿ.

ಅವರು ಬರುವ ಮುಂಚೆ ನೀವೇ ನೋಡಬಹುದಾದದ್ದೂ ಇದೆ. ಮಲಗುವ ಕೋಣೆ ಇರುವ ಮುಂಭಾಗ ಮತ್ತು ಕೆಳಗಿನ ಭಾಗ ಸೇರುವ ಜಾಗದಲ್ಲಿ ಹೊರಗೋಡೆ ಬಿರಿದಿದೆಯಾ? ಅಲ್ಲಿನ ಕಿಟಕಿ, ಬಾಗಿಲ ಮೂಲೆಗಳಿಂದ ಓರೆ ಗೆರೆ ಎದ್ದಿದೆಯಾ? ಟ್ರಕ್ ಎಳೆಯುವಾಗಿನ ಒತ್ತಡವೆಲ್ಲಾ ಬೀಳುವುದು ಅಲ್ಲಿ. ಅಡಿಯ ಕಬ್ಬಿಣದ ಚೌಕಟ್ಟು ತೆಳುವಾಗಿದ್ದರೆ, ವೆಲ್ಡಿಂಗ್ ಸರಿ ಇಲ್ಲದಿದ್ದರೆ, ಆ ಮೂಲೆಯೇ ಮೊದಲು ಹೇಳುತ್ತದೆ. ಅಲ್ಲಿ ಬಿರುಕು ಕಂಡರೆ ಬೆಲೆ ಚೌಕಾಸಿ ಮಾಡಬೇಡಿ, ಎದ್ದು ಬನ್ನಿ. ಸ್ಲೈಡ್‌ಗಳನ್ನು ಎರಡು ಮೂರು ಸಲ ಒಳಗೆ ಹೊರಗೆ ಓಡಿಸಿ, ಓರೆಯಾಗಿ ಸರಿದರೆ ಗೊತ್ತಾಗುತ್ತದೆ. ಸ್ಲೈಡ್‌ನ ನೆಲದ ಮೂಲೆಯಲ್ಲಿ ಹಿಮ್ಮಡಿ ಊರಿ ಒತ್ತಿ. ಆಮೇಲೆ ಮಂಚದ ಹಾಸಿಗೆ ಎತ್ತಿ ಅಡಿಯನ್ನು ನೋಡಿ. ಕಪ್ಪು ಚುಕ್ಕೆ ಇದ್ದರೆ ಅದು ಬೂಷ್ಟು.

ಬೂಷ್ಟಿನ ಮಾತು ಬಂದದ್ದರಿಂದ ನಮ್ಮ ಅಡುಗೆಯ ಬಗ್ಗೆ ಹೇಳಲೇಬೇಕು. ವಾರಾಂತ್ಯಕ್ಕೆ ಹೋಗಿ ಬ್ರೆಡ್ ಬಿಸಿ ಮಾಡಿ ತಿನ್ನುವವರಿಗೂ ನಮಗೂ ವ್ಯತ್ಯಾಸವಿದೆ. ದಿನಾ ಕುಕ್ಕರ್ ಸೀಟಿ, ಸಾರು ಕುದಿಯುವುದು, ಒಗ್ಗರಣೆ, ಎರಡು ಹೊತ್ತು ಬಿಸಿನೀರಿನ ಸ್ನಾನ. ಆ ಹಬೆಯೆಲ್ಲಾ 38 ಅಡಿಯ ಡಬ್ಬಿಯೊಳಗೇ ಸುತ್ತುತ್ತದೆ. ಗ್ಯಾಸ್ ಉರಿದರೂ ನೀರಿನ ಆವಿ ಬರುತ್ತದೆ. ರಾತ್ರಿ ಹೊರಗೆ ಚಳಿ ಬಿದ್ದಾಗ ಅದು ಕಿಟಕಿ ಗಾಜಿನ ಮೇಲೆ, ಬೀರುವಿನ ಹಿಂದೆ, ಹಾಸಿಗೆಯ ಅಡಿ ನೀರಾಗಿ ನಿಲ್ಲುತ್ತದೆ. ಅಡುಗೆ ಮಾಡುವಾಗ ಛಾವಣಿಯ ಫ್ಯಾನ್ ಹಾಕಿ, ಎದುರಿನ ಕಿಟಕಿ ಎರಡು ಬೆರಳು ತೆರೆದಿಡಿ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಒಂದನ್ನು ಕೊಂಡು ದಿನವೂ ಓಡಿಸಿ. ಮೊದಲ ವಾರ ಅದರ ತೊಟ್ಟಿಯಲ್ಲಿ ತುಂಬುವ ನೀರು ನೋಡಿ ನಿಮಗೇ ಆಶ್ಚರ್ಯವಾಗುತ್ತದೆ.

ಮಗು ಇರುವುದರಿಂದ ಗಾಳಿಯ ವಿಷಯದಲ್ಲಿ ಇನ್ನೊಂದು ಮಾತು. 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಅಮೆರಿಕ ಸರ್ಕಾರ ಇಂಥ ಪ್ರವಾಸಿ ಟ್ರೇಲರ್‌ಗಳನ್ನು ಕೊಟ್ಟಿತ್ತು. ಕೆಲವು ದಿನ ಇರಲು ಮಾಡಿದ ಗಾಡಿಗಳಲ್ಲಿ ಜನ ವರ್ಷಗಟ್ಟಲೆ ಇದ್ದರು. ಕೆಮ್ಮು, ಕಣ್ಣುರಿ ಅಂತ ದೂರು ಬಂದವು. 2008ರಲ್ಲಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪರೀಕ್ಷೆಯ ಫಲಿತಾಂಶ ಹೇಳಿತು. ಹಲಗೆ, ಅಂಟುಗಳಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನ್ನುವ ಕಣ್ಣುರಿಸುವ ಅನಿಲ ಮಾಮೂಲಿ ಮನೆಗಳಿಗಿಂತ ಎಷ್ಟೋ ಜಾಸ್ತಿ ಇತ್ತು. 2010ರಲ್ಲಿ ಇಂಥ ಹಲಗೆಗಳಿಗೆ ಕಾನೂನು ಬಂತು, ಈಗಿನ ಗಾಡಿಗಳು ಎಷ್ಟೋ ವಾಸಿ. ನಿಮ್ಮದು ಹಳೆಯದಾದ್ದರಿಂದ ವಾಸನೆಯೂ ಇಳಿದಿರುತ್ತದೆ. ಆದರೂ ಬಿಸಿಲಿನ ದಿನ ಎಲ್ಲಾ ಕಿಟಕಿ ಮುಚ್ಚಿಟ್ಟು ಮಗಳನ್ನು ಒಳಗೆ ಮಲಗಿಸಬೇಡಿ.

ತೂಕದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಗಾಡಿಯ ಬಾಗಿಲ ಹತ್ತಿರ ಒಂದು ಹಳದಿ ಚೀಟಿ ಇರುತ್ತದೆ, ಎಷ್ಟು ಸಾಮಾನು ಹೇರಬಹುದು ಅಂತ. 2,500 ಪೌಂಡ್ ಅಂತಿದ್ದರೆ ಸುಮಾರು 1,130 ಕೆಜಿ. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಒಂದು ಗ್ಯಾಲನ್ ನೀರು 8.3 ಪೌಂಡ್. 100 ಗ್ಯಾಲನ್ ನೀರು ತುಂಬಿಸಿದರೆ ಅಲ್ಲೇ 830 ಪೌಂಡ್ ಹೋಯಿತು. ಉಳಿದದ್ದರಲ್ಲಿ ಎರಡು ಕೆಲಸದ ಮೇಜು, ಮಗುವಿನ ಸಾಮಾನು, ಅಕ್ಕಿ ಬೇಳೆಯ ಚೀಲಗಳು, ಗ್ರೈಂಡರ್. ವಾರಾಂತ್ಯದ ಪ್ರವಾಸಕ್ಕೆ ಹೋಗುವವರು ಇಷ್ಟೆಲ್ಲಾ ಹೇರುವುದಿಲ್ಲ, ಮನೆ ಬಿಟ್ಟು ಬಂದವರು ಹೇರುತ್ತಾರೆ. ಭಾರ ಮಿತಿ ಮೀರಿದರೆ ಮೊದಲು ಹೋಗುವುದು ಟೈರ್, ಆಮೇಲೆ ಸ್ಪ್ರಿಂಗ್‌ಗಳ ನಡುವಿನ ಪ್ಲಾಸ್ಟಿಕ್ ಬುಷ್‌ಗಳು, ಆಮೇಲೆ ಆಕ್ಸಲ್. ಎಲ್ಲಾ ಹೇರಿದ ಮೇಲೆ ಹೆದ್ದಾರಿಯ ಟ್ರಕ್ ಸ್ಟಾಪ್‌ನಲ್ಲಿರುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ತೂಗಿಸಿ. ಟೈರ್‌ಗಳಲ್ಲಿ ಡಾಟ್ ಅಂತ ಬರೆದ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2321 ಅಂದರೆ 2021ರ 23ನೇ ವಾರ. ನಿಮ್ಮ ಗಾಡಿಗೆ ಕಾರ್ಖಾನೆಯ ಟೈರ್‌ಗಳೇ ಇದ್ದರೆ, ಹೊಳೆಯುತ್ತಿದ್ದರೂ ಬದಲಾಯಿಸಿ. ಟ್ರೇಲರ್ ಟೈರ್ ಸವೆಯುವ ಮುಂಚೆ ವಯಸ್ಸಾಗಿ ಒಡೆಯುತ್ತದೆ. ಒಡೆದ ಟೈರ್ ಚಕ್ರದ ಮೇಲಿನ ನೆಲವನ್ನೂ, ಅಲ್ಲಿನ ಪೈಪುಗಳನ್ನೂ ಕಿತ್ತುಕೊಂಡೇ ಹೋಗುತ್ತದೆ.

ಟ್ರಕ್ ಬಗ್ಗೆ ನೀವು ಬರೆದಿಲ್ಲ. ಫಿಫ್ತ್ ವೀಲ್‌ನ ಒಟ್ಟು ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಟ್ರಕ್ಕಿನ ಮೇಲೇ ಕೂರುತ್ತದೆ. 16,000 ಪೌಂಡಿನ ಗಾಡಿಗೆ ಅದು 3,200ರಿಂದ 4,000 ಪೌಂಡ್. ಮುಕ್ಕಾಲು ಟನ್ನಿನ ಟ್ರಕ್ಕುಗಳಲ್ಲಿ ಬಹಳಷ್ಟು ಇದನ್ನು ಹೊರುವುದಿಲ್ಲ. ಒಂದು ಟನ್ನಿನದೇ ಬೇಕು (ಈ ಟನ್ ಅನ್ನುವುದು ಟ್ರಕ್ಕಿನ ವರ್ಗದ ಹೆಸರು, ಅದು ಹೊರುವ ತೂಕವಲ್ಲ), ಅದರ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಕರೆಂಟ್ ವಿಷಯ ಚಿಕ್ಕದು. ಇಷ್ಟು ದೊಡ್ಡ ಗಾಡಿಗೆ 50 ಆಂಪ್ ಬೇಕು, ಅಂದರೆ ಎರಡು ಲೈನ್ ಸೇರಿ 12,000 ವಾಟ್. ಹಳೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕೆಲವು ಕಡೆ 30 ಆಂಪ್‌ನ ಒಂದೇ ಲೈನ್, ಬರೀ 3,600 ವಾಟ್. ಎಸಿ, ಗೀಸರ್, ಮೈಕ್ರೋವೇವ್ ಮೂರೂ ಹಾಕಿದರೆ ಟ್ರಿಪ್ ಆಗುತ್ತದೆ. ಆಫೀಸ್ ಮೀಟಿಂಗ್ ನಡುವೆ ಹೀಗಾಗದಿರಲಿ. ಕಂಬದಲ್ಲಿ ವೋಲ್ಟೇಜ್ ಇಳಿದಾಗ ತಾನೇ ಆಫ್ ಆಗುವ ಸರ್ಜ್ ಪ್ರೊಟೆಕ್ಟರ್ ಮೊದಲ ದಿನವೇ ಕೊಳ್ಳಿ, ಅದು ಇಲ್ಲದೆ ಎಸಿ ಸುಟ್ಟುಕೊಂಡವರು ಬಹಳ.

ಕಾಗದ ಪತ್ರಗಳನ್ನು ಕೂತು ಓದಿ. ಕೈಪಿಡಿಯಲ್ಲಿ ಎಷ್ಟೋ ಕಂಪನಿಗಳು ‘ಇದು ಕಾಯಂ ವಾಸಕ್ಕೆ ಮಾಡಿದ್ದಲ್ಲ’ ಅಂತ ಬರೆದಿರುತ್ತವೆ. ವರ್ಷಪೂರ್ತಿ ಇದ್ದರೆ ವಾರಂಟಿ ಇಲ್ಲ ಅನ್ನುವವೂ ಇವೆ. ಸೆಕೆಂಡ್ ಹ್ಯಾಂಡ್ ಆದ್ದರಿಂದ ನಿಮಗೆ ಇದು ಅಷ್ಟು ತಾಗದು. ಆದರೆ ವಿಮೆ ಮಾಡಿಸುವಾಗ ‘ಫುಲ್ ಟೈಮರ್’ ಅಂತ ನಿಜ ಹೇಳಿಯೇ ಮಾಡಿಸಿ. ಸುಮ್ನೆ ಮಾಮೂಲಿ ವಿಮೆ ಮಾಡಿಸಿಟ್ಟರೆ ಕಷ್ಟದ ದಿನ ಅದು ಕೈಹಿಡಿಯುವುದಿಲ್ಲ. ಹತ್ತು ವರ್ಷಕ್ಕಿಂತ ಹಳೆಯ ಗಾಡಿಗಳನ್ನು ಸೇರಿಸದ ಆರ್‌ವಿ ಪಾರ್ಕ್‌ಗಳೂ ಉಂಟು. ನಿಮ್ಮದು 2031ಕ್ಕೆ ಆ ಗೆರೆ ಮುಟ್ಟುತ್ತದೆ.

ನೀವು ಎಚ್-1ಬಿ ವೀಸಾದಲ್ಲಿದ್ದರೆ ಗಾಡಿ ಕೊಳ್ಳುವ ಮುಂಚೆಯೇ ಕಂಪನಿಯ ವಲಸೆ ವಕೀಲರ ಹತ್ತಿರ ಮಾತಾಡಿ. ಆ ವೀಸಾ ಕೆಲಸ ಮಾಡುವ ಜಾಗಕ್ಕೆ ಕಟ್ಟಿಬಿದ್ದಿರುತ್ತದೆ. ಡಲ್ಲಾಸ್ ಮಹಾನಗರ ವಲಯ ಬಿಟ್ಟು ಬೇರೆ ಕಡೆ ಕೂತು ಕೆಲಸ ಮಾಡಲು ಸಾಮಾನ್ಯವಾಗಿ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. ವಿಳಾಸ ಬದಲಾದರೆ ಹತ್ತು ದಿನದೊಳಗೆ ತಿಳಿಸಬೇಕು. ನಮ್ಮವರಲ್ಲಿ ಎಷ್ಟೋ ಜನ ಇದನ್ನು ಯೋಚಿಸದೆಯೇ ಗಾಡಿಗೆ ಮುಂಗಡ ಕೊಟ್ಟುಬಿಡುತ್ತಾರೆ, ನನಗೆ ಸಂಕಟವಾಗುತ್ತದೆ.

ಕೊನೆಗೆ ಅಪ್ಪ ಅಮ್ಮ. ಮೊದಲು ಚಳಿ. 2021ರ ಫೆಬ್ರವರಿಯಲ್ಲಿ ಡಲ್ಲಾಸ್‌ನಲ್ಲಿ ಏನಾಯಿತು ಅಂತ ಅಲ್ಲಿದ್ದವರು ಮರೆಯುವುದಿಲ್ಲ. ಆ ಚಳಿಗೆ ನೀರು ಹೆಪ್ಪುಗಟ್ಟಿ ಇಟ್ಟಿಗೆ ಮನೆಗಳಲ್ಲೇ ಪೈಪ್ ಒಡೆದವು. ಟ್ರೇಲರ್ ಗೋಡೆ ಎರಡು ಮೂರು ಇಂಚು. ‘ಫೋರ್ ಸೀಸನ್’ ಅಂತ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ನಂಬಬೇಡಿ. ಅಡಿಭಾಗ ಪೂರ್ತಿ ಮುಚ್ಚಿದೆಯಾ, ಟ್ಯಾಂಕುಗಳ ಹತ್ತಿರ ಬಿಸಿಗಾಳಿ ಹೋಗುತ್ತದಾ ಅಂತ ಕೇಳಿ. ಅವರು ಬರುವ ತಿಂಗಳುಗಳಲ್ಲಿ ಗಾಡಿಯನ್ನು ಟೆಕ್ಸಸ್‌ನ ದಕ್ಷಿಣ ತುದಿಗೆ, ರಿಯೋ ಗ್ರಾಂಡೆ ಕಣಿವೆಯ ಕಡೆ ಒಯ್ಯಿರಿ. ಉತ್ತರದ ರಾಜ್ಯಗಳ ವಯಸ್ಸಾದವರು ಚಳಿಗಾಲಕ್ಕೆ ಅಲ್ಲಿಗೇ ಬರುತ್ತಾರೆ. ಜಾಗ ಬೇಗ ತುಂಬುತ್ತದೆ, ಬೇಸಿಗೆಯಲ್ಲೇ ಕಾದಿರಿಸಿ.

ಇನ್ನು ಮೆಟ್ಟಿಲು. ಹೊರಗಿನಿಂದ ಹತ್ತಲು ನಾಲ್ಕು, ಒಳಗೆ ಮಲಗುವ ಕೋಣೆಗೆ ಮತ್ತೆ ಎರಡು ಮೂರು. ಬಹಳಷ್ಟು ಗಾಡಿಗಳಲ್ಲಿ ಬಾತ್‌ರೂಮೂ ಮೇಲೆಯೇ. ಅಪ್ಪ ಅಮ್ಮ ಮಲಗುವುದು ಕೆಳಗೆ ಹಾಲ್‌ನ ಸೋಫಾದಲ್ಲಿ. ಮಂಡಿ ನೋವಿರುವವರು ರಾತ್ರಿ ಎರಡು ಸಲ ಆ ಕಿರಿದಾದ ಮೆಟ್ಟಿಲು ಹತ್ತಿ ಇಳಿಯಬೇಕು. ಕೆಳಗೂ ಒಂದು ಟಾಯ್ಲೆಟ್ ಇರುವ ಮಾದರಿಗಳಿವೆ, ನಿಮಗೆ ಅಂಥದ್ದೇ ಸರಿ. ಇಲ್ಲದಿದ್ದರೆ ಮೆಟ್ಟಿಲ ಪಕ್ಕ ಹಿಡಿಯಲು ಒಂದು ಗಟ್ಟಿ ಸರಳು, ಕೆಳಗೆ ಸಣ್ಣ ದೀಪ ಹಾಕಿಸಿ. ಗಾಡಿ ನೋಡಲು ಮತ್ತೆ ಹೋಗುತ್ತೀರಲ್ಲ, ಕತ್ತಲಾದ ಮೇಲೆ ಹೋಗಿ. ಒಳಗಿನ ದೀಪ ಆರಿಸಿ, ಸೋಫಾದಿಂದ ಎದ್ದು, ಅಮ್ಮ ನಡೆಯುವಷ್ಟೇ ನಿಧಾನಕ್ಕೆ ಬಾತ್‌ರೂಮಿಗೆ ಹೋಗಿ ಬಂದು ನೋಡಿ.